ಬಸ್ ಸ್ಟಾಪು ಪಾಲಿಕೆಯದು, ಬಸ್ಸು ಯಾರದು?

ನಮ್ಮ ಓಣಿಯ ಕಾಕಾ ಒಬ್ಬರು ಮನೆ ತೆರಿಗೆ ಕಟ್ಟಿ ಬಂದಿದ್ದರು. ಕೈಯಲ್ಲಿ ರಸೀದಿ, ಮೂಗಿನ ತುದಿಯಲ್ಲಿ ಚಷ್ಮಾ. ಚಹಾದಂಗಡಿ ಮುಂದಿನ ಬೆಂಚಿನ ಮೇಲೆ ಕುಳಿತು ಒಂದೊಂದೇ ಸಾಲು ಜೋರಾಗಿ ಓದತೊಡಗಿದರು. ತೆರಿಗೆಯ ಮೇಲೆ ಆರೋಗ್ಯ ಉಪಕರ (ಸೆಸ್) 15 ಪರ್ಸೆಂಟ್. ಗ್ರಂಥಾಲಯ ಉಪಕರ 6. ಭಿಕ್ಷುಕರ ಉಪಕರ 3. ಕೊನೆಗೆ ನಗರ ಸಾರಿಗೆ ಉಪಕರ 2.

"ಸಾರಿಗಿ ಅಂದ್ರ ಬಸ್ಸೇ ಅಲ್ಲೇನು?" ಅಂದರು.

"ಹೌದ್ರಿ ಕಾಕಾ."

"ಮತ್ತ ನಾ ಬಸ್ಸಿನ್ಯಾಗ ಟಿಕೆಟ್ ತಗೋತೀನಿ. ಮನ್ಯಾಗ ಕುಂತ್ರೂ ಬಸ್ಸಿನ ರೊಕ್ಕ ಯಾಕ ಕೊಡ್ಬೇಕು?"

ಕೇಳಿದ್ದು ಸರಿಯಾಗಿಯೇ ಇದೆ. ಲಂಡನ್, ಪ್ಯಾರಿಸ್‌ನಿಂದ ಹಿಡಿದು ನಮ್ಮ ಕಲಬುರಗಿಯವರೆಗೆ ನಗರ ಸಾರಿಗೆಯ ಜಗಳವೆಲ್ಲ ಸುತ್ತುವುದು ಇದರ ಸುತ್ತಲೇ. ಬಸ್ಸಿನ ಖರ್ಚನ್ನು ಹತ್ತಿದವರೇ ಕೊಡಬೇಕಾ, ಊರೆಲ್ಲ ಸೇರಿ ಕೊಡಬೇಕಾ? ಊರೆಲ್ಲ ಕೊಟ್ಟರೆ, ಬಸ್ಸು ಎಲ್ಲಿಗೆ ಎಷ್ಟು ಹೊತ್ತಿಗೆ ಹೋಗಬೇಕು ಅಂತ ಹೇಳುವವರು ಯಾರು?

ಬಸ್ಸು ತುಂಬಿದ್ದರೂ ಲಾಸ್ ಯಾಕೆ?

ಬೆಳಿಗ್ಗೆ ಒಂಬತ್ತು ಗಂಟೆಗೆ ಸೂಪರ್ ಮಾರ್ಕೆಟ್ ಕಡೆ ಬರುವ ಸಿಟಿ ಬಸ್ ನೋಡಿ. ಬಾಗಿಲಲ್ಲೂ ಜನ ನಿಂತಿರುತ್ತಾರೆ. ಇಷ್ಟು ಜನ ಹತ್ತಿದರೂ ಲಾಸ್ ಅಂತಾರಲ್ಲ, ದುಡ್ಡು ಎಲ್ಲೋ ಸೋರುತ್ತಿರಬೇಕು ಅಂತ ನಮಗೆ ಅನುಮಾನ. ಸೋರಿಕೆ ಇರಬಹುದು, ಅದು ಬೇರೆ ಮಾತು. ಒಂದು ಪೈಸೆ ಸೋರದಿದ್ದರೂ ಸಿಟಿ ಬಸ್ಸಿನ ಲೆಕ್ಕ ಕೂಡುವುದು ಕಷ್ಟ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ಉದಾಹರಣೆಗೆ ಹಿಡಿದುಕೊಂಡವು, ಯಾವ ಡಿಪೊದ ಲೆಕ್ಕವೂ ಅಲ್ಲ.

ಎರಡು ಬಸ್ಸು ಇವೆ ಅಂದುಕೊಳ್ಳಿ. ಒಂದು ಬೀದರ್ ಕಡೆ ಹೋಗಿ ಬರುತ್ತದೆ, ದಿನಕ್ಕೆ 400 ಕಿಲೋಮೀಟರ್ ಓಡುತ್ತದೆ. ಇನ್ನೊಂದು ಊರೊಳಗೇ ಸುತ್ತುತ್ತದೆ. ಜಗತ್ ಸರ್ಕಲ್, ಸರ್ದಾರ್ ಪಟೇಲ್ ಸರ್ಕಲ್, ರಾಮ ಮಂದಿರ ಸರ್ಕಲ್ ಅಂತ ನಿಂತು ನಿಂತು ದಿನವೆಲ್ಲ ಓಡಿದರೂ 160 ಕಿಲೋಮೀಟರ್ ದಾಟುವುದಿಲ್ಲ. ಎರಡರಲ್ಲೂ ಡ್ರೈವರ್, ಕಂಡಕ್ಟರ್ ಇದ್ದೇ ಇರುತ್ತಾರೆ. ಸಿಬ್ಬಂದಿಯ ಖರ್ಚು ದಿನಕ್ಕೆ 4,000 ರೂಪಾಯಿ ಅಂತ ಹಿಡಿಯೋಣ. ಬೀದರ್ ಬಸ್ಸಿಗೆ ಅದು ಕಿಲೋಮೀಟರಿಗೆ 10 ರೂಪಾಯಿ ಆಯಿತು. ಸಿಟಿ ಬಸ್ಸಿಗೆ 25.

ಡೀಸೆಲ್ ಲೀಟರಿಗೆ 90 ರೂಪಾಯಿ ಅನ್ನಿ. ಹೆದ್ದಾರಿಯಲ್ಲಿ ಲೀಟರಿಗೆ 5 ಕಿಲೋಮೀಟರ್ ಬಂದರೆ ಊರೊಳಗೆ ಬ್ರೇಕು, ಕ್ಲಚ್ಚು ಅಂತ 4 ಬರುತ್ತದೆ. ಅಲ್ಲಿಗೆ 18 ರೂಪಾಯಿ, ಇಲ್ಲಿಗೆ 22.50. ಎರಡೂ ಸೇರಿಸಿ: ಬೀದರ್ ಬಸ್ಸು ಕಿಲೋಮೀಟರಿಗೆ 28, ಸಿಟಿ ಬಸ್ಸು 47.50. ಟೈರು, ರಿಪೇರಿ, ಬಸ್ಸಿನ ಸಾಲದ ಬಡ್ಡಿ, ಆಫೀಸಿನ ಖರ್ಚು ಇದರ ಮೇಲೆ.

ಗಳಿಕೆಯ ಕಡೆ ಇನ್ನೂ ಕಷ್ಟ. ಬೆಳಿಗ್ಗೆ ಊರೊಳಗೆ ಬರುವಾಗ ಬಸ್ಸು ತುಂಬಿರುತ್ತದೆ. ಅದೇ ಬಸ್ಸು ವಾಪಸ್ ಸೇಡಂ ರೋಡಿನ ಕಡೆ ಹೋಗುವಾಗ ಹತ್ತು ಜನರೂ ಇರುವುದಿಲ್ಲ. ನಾವು ನೋಡುವುದು ತುಂಬಿದ ಟ್ರಿಪ್ ಮಾತ್ರ, ಯಾಕಂದ್ರೆ ನಾವು ಅದರೊಳಗೇ ಇರುತ್ತೇವೆ! ಖಾಲಿ ಬಸ್ಸಿನಲ್ಲಿ ಕುಳಿತು ನೋಡುವವರು ಡ್ರೈವರ್, ಕಂಡಕ್ಟರ್ ಇಬ್ಬರೇ. ಇನ್ನು ಒಂಬತ್ತು ಗಂಟೆಯ ರಶ್ಶಿಗೆ ಅಂತ ಹತ್ತು ಬಸ್ಸು ಜಾಸ್ತಿ ತಂದರೆ, ಮಧ್ಯಾಹ್ನ ಹನ್ನೆರಡಕ್ಕೆ ಅವು ಸುಮ್ನೆ ನಿಂತಿರುತ್ತವೆ. ಸಂಬಳ, ಬಡ್ಡಿ ನಿಲ್ಲುವುದಿಲ್ಲ.

ಹಾಗಾದರೆ ಟಿಕೆಟ್ ದರ ಏರಿಸಿಬಿಡೋಣ ಅಲ್ವಾ? ಏರಿಸುತ್ತಾರೆ ಕೂಡ. 2025ರ ಜನವರಿ 5ರಿಂದ ರಾಜ್ಯದ ನಾಲ್ಕೂ ಸರ್ಕಾರಿ ಬಸ್ ನಿಗಮಗಳ ದರ ಶೇಕಡಾ 15ರಷ್ಟು ಏರಿತು. ಆದರೆ ಊರೊಳಗಿನ ಪ್ರಯಾಣಿಕ ದೂರದೂರಿನ ಪ್ರಯಾಣಿಕನಂಥವನಲ್ಲ. ಬೀದರಿಗೆ ಹೋಗುವವನು ಐದು ರೂಪಾಯಿ ಜಾಸ್ತಿಯಾದರೆ ಗೊಣಗುತ್ತಾನೆ, ಹೋಗುತ್ತಾನೆ. ಊರೊಳಗೇ ಗಂಜ್ ಮಾರ್ಕೆಟ್ಟಿಗೆ ಹೋಗುವವನು ಗೆಳೆಯನ ಬೈಕಿನ ಹಿಂದೆ ಕೂರುತ್ತಾನೆ. ಜನ ಕಡಿಮೆಯಾದರೆ ಗಳಿಕೆ ಕಡಿಮೆ. ಗಳಿಕೆ ಕಡಿಮೆಯಾದ ಟ್ರಿಪ್ ಕಟ್. ಟ್ರಿಪ್ ಕಟ್ಟಾದರೆ ಸ್ಟಾಪಿನಲ್ಲಿ ಕಾಯುವುದು ಹತ್ತು ನಿಮಿಷದಿಂದ ಅರ್ಧ ಗಂಟೆಗೆ ಹೋಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲಿನಲ್ಲಿ ಅರ್ಧ ಗಂಟೆ ನಿಂತವನು ಮರುದಿನ ಬಸ್ಸಿನ ಹೆಸರೆತ್ತುವುದಿಲ್ಲ. ಈ ಸುಳಿಯೊಳಗೆ ಒಮ್ಮೆ ಬಿದ್ದರೆ ಹೊರಗೆ ಬರುವುದು ಕಷ್ಟ.

ಉಲ್ಟಾ ಮಾಡಿ ನೋಡಿದವರೂ ಇದ್ದಾರೆ. ಮುಂಬೈನ ಸಿಟಿ ಬಸ್ ಸಂಸ್ಥೆ ಬೆಸ್ಟ್ 2019ರ ಜುಲೈನಲ್ಲಿ ಕನಿಷ್ಠ ದರವನ್ನು 8 ರೂಪಾಯಿಯಿಂದ 5ಕ್ಕೆ ಇಳಿಸಿತು. ಜನ ಹಿಂಡು ಹಿಂಡಾಗಿ ವಾಪಸ್ ಬಂದರು. ನಷ್ಟದ ಗುಂಡಿಯನ್ನು ಅಲ್ಲಿನ ಮಹಾನಗರ ಪಾಲಿಕೆ ತನ್ನ ಬಜೆಟ್ಟಿನಿಂದ ತುಂಬಬೇಕಾಯಿತು. 2025ರ ಮೇ ತಿಂಗಳಲ್ಲಿ ಅದೇ 5 ರೂಪಾಯಿ 10 ಆಯಿತು. ದರ ಇಳಿಸಿದರೆ ಜನ ಬರುತ್ತಾರೆ ಅನ್ನುವುದು ಖಾತ್ರಿಯಾಯಿತು. ಪ್ರತಿ ವರ್ಷ ಗುಂಡಿ ತುಂಬುವ ಕೈ ಬೇಕು ಅನ್ನುವುದೂ ಖಾತ್ರಿಯಾಯಿತು.

ಒಂದೇ ಕಾಯ್ದೆ, ಎರಡು ಮಾತು

ನಮ್ಮ ಭಾಗದ ಸರ್ಕಾರಿ ಬಸ್ಸಿಗೆ ಹಳೆಯ ಕಥೆ ಇದೆ. ನಿಜಾಮರ ಹೈದರಾಬಾದ್ ಸಂಸ್ಥಾನ 1932ರಲ್ಲೇ 27 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಶುರು ಮಾಡಿತ್ತು. ನಡೆಸುತ್ತಿದ್ದದ್ದು ರೈಲ್ವೆ. ರೈಲು, ಬಸ್ಸು ಎರಡೂ ಒಂದೇ ಕೈಯಲ್ಲಿ. ಈಗ ರೈಲು ಇಳಿದವನಿಗೆ ಸಿಟಿ ಬಸ್ಸಿನ ಹೊತ್ತು ಹೊಂದುವಂತೆ ಮಾಡಲು ಎರಡು ಸರ್ಕಾರಗಳು ಮಾತಾಡಬೇಕು. ಇರಲಿ.

ಈಗಿನ ನಿಗಮ ಹುಟ್ಟಿದ್ದು 2000ದಲ್ಲಿ, ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಅಂತ. ಆಮೇಲೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಆಯಿತು. ಕೇಂದ್ರ ಕಚೇರಿ ನಮ್ಮೂರಲ್ಲೇ. ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ವಿಜಯಪುರ ಎಲ್ಲ ಇದರ ಮಡಿಲಲ್ಲಿ. ಬೆಂಗಳೂರಿಗೆ 1997ರಿಂದ ತನ್ನದೇ ನಗರ ಸಾರಿಗೆ ನಿಗಮ ಬಿಎಂಟಿಸಿ ಇದೆ. ನಮ್ಮ ಸಿಟಿ ಬಸ್ಸು ದೂರದೂರಿನ ಬಸ್ಸುಗಳ ಜೊತೆಗೇ ಒಂದೇ ನಿಗಮದ ಲೆಕ್ಕದಲ್ಲಿ ಇದೆ.

ಇಲ್ಲೇ ಗಂಟು ಬಿದ್ದಿರುವುದು. ಈ ನಿಗಮಗಳೆಲ್ಲ ನಡೆಯುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಂತೆ. ಅದರ 18ನೇ ಕಲಂ, ಜನರಿಗೆ ಸಾಕಷ್ಟು, ದಕ್ಷ, ಮಿತವ್ಯಯದ ಸಾರಿಗೆ ಒದಗಿಸಬೇಕು ಅನ್ನುತ್ತದೆ. ನಾಲ್ಕು ಹೆಜ್ಜೆ ಮುಂದೆ 22ನೇ ಕಲಂ, ನಿಗಮ ವ್ಯಾಪಾರದ ತತ್ವದಂತೆ ನಡೆಯಬೇಕು ಅನ್ನುತ್ತದೆ. ಅಂದರೆ ಸೇವೆಯೂ ಮಾಡು, ಅಂಗಡಿಯನ್ನೂ ನಡೆಸು.

ಒಬ್ಬ ಡಿಪೊ ಮ್ಯಾನೇಜರ್ ಕುರ್ಚಿಯಲ್ಲಿ ಕುಳಿತು ಯೋಚಿಸಿ. ಮೀಟಿಂಗಿನಲ್ಲಿ ಮೊದಲು ಕೇಳುವುದು ಇಪಿಕೆಎಂ, ಅಂದರೆ ಕಿಲೋಮೀಟರಿಗೆ ಎಷ್ಟು ಗಳಿಕೆ ಅಂತ. ಕೈಯಲ್ಲಿ ಒಂದು ಬಸ್ಸು, ಒಂದು ಜೋಡಿ ಸಿಬ್ಬಂದಿ ಉಳಿದಿದೆ. ಬೀದರಿಗೆ ಹೆಚ್ಚುವರಿ ಶೆಡ್ಯೂಲ್ ಹಾಕಬೇಕಾ, ರಿಂಗ್ ರೋಡಿನ ಆಚೆಯ ಹೊಸ ಬಡಾವಣೆಗೆ ಹಾಕಬೇಕಾ? ಮೇಲಿನ ಲೆಕ್ಕ ಗೊತ್ತಿದ್ದ ಯಾರೇ ಆದರೂ ಬೀದರಿಗೇ ಹಾಕುತ್ತಾರೆ. ಅದನ್ನು ಸೋಮಾರಿತನ ಅಂತ ನಾನು ಅನ್ನಲಾರೆ. ಅವರಿಗೆ ಕೊಟ್ಟ ತಕ್ಕಡಿಯೇ ಹಾಗಿದೆ.

ಪಾಲಿಕೆ ಹೇಳಬಹುದಲ್ಲ, ನಮ್ಮೂರಿಗೆ ಇಷ್ಟು ಬಸ್ಸು ಬೇಕು ಅಂತ? ಹೇಳಬಹುದು, ವಿನಂತಿಯಾಗಿ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ ವಹಿಸಬಹುದಾದ 18 ಕೆಲಸಗಳನ್ನು 12ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದೆ. ನಗರ ಯೋಜನೆ ಇದೆ. ರಸ್ತೆ, ಸೇತುವೆ ಇದೆ. 17ನೇ ಸಾಲಿನಲ್ಲಿ ಬೀದಿದೀಪ, ಪಾರ್ಕಿಂಗ್ ಜಾಗ, ಬಸ್ ಸ್ಟಾಪ್ ಇದೆ. ಬಸ್ಸು ಮಾತ್ರ ಹದಿನೆಂಟು ಸಾಲಿನಲ್ಲಿ ಎಲ್ಲೂ ಇಲ್ಲ. ಬಡಾವಣೆಯ ನಕಾಶೆ, ರಸ್ತೆ, ನೆರಳಿನ ಶೆಡ್ಡು ಊರಿನ ಪಾಲಿಗೆ. ಆ ಶೆಡ್ಡಿನ ಮುಂದೆ ಏನು ಬಂದು ನಿಲ್ಲುತ್ತದೆ ಅನ್ನುವುದು ಇನ್ಯಾರದೋ ಪಾಲಿಗೆ. 2011ರ ಜನಗಣತಿಯಲ್ಲೇ 5.3 ಲಕ್ಷ ದಾಟಿದ ಊರಿದು.

ಟಿಕೆಟ್ ಬಿಟ್ಟರೆ ಇನ್ನೆಲ್ಲಿಂದ?

ಶಕ್ತಿ ಯೋಜನೆ ಬಂದಮೇಲೆ ಈ ಚರ್ಚೆ ಬಿಸಿಯಾಗಿದೆ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. "ಯಕ್ಕಾ, ಆಧಾರ್ ತೋರಸ್ರಿ" ಅಂತ ಕಂಡಕ್ಟರ್ ಕೇಳುತ್ತಾರೆ, ಮಷೀನಿನಿಂದ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಆ ಚೀಟಿ ಯಾಕೆ, ಸುಮ್ನೆ ಹತ್ತಿಸಿಕೊಂಡರೆ ಆಗದಾ? ಆಗದು. ಪ್ರಯಾಣಿಕಳಿಗೆ ಶೂನ್ಯ ಆದರೂ ಪ್ರಯಾಣಕ್ಕೆ ಒಂದು ಬೆಲೆ ಇದೆ. ಆ ಬೆಲೆಯನ್ನು ಕೂಡಿಸಿ ನಿಗಮ ಸರ್ಕಾರಕ್ಕೆ ಲೆಕ್ಕ ಕೊಡುತ್ತದೆ. ಅಂದರೆ ಬಸ್ಸು ಬಿಟ್ಟಿ ಓಡುತ್ತಿಲ್ಲ. ಅಕ್ಕನ ಟಿಕೆಟ್ಟನ್ನು ಖಜಾನೆ ಕೊಳ್ಳುತ್ತಿದೆ.

ನಾನು ಶಕ್ತಿಯ ಪರ. ಗಿಮ್ಸ್ ಆಸ್ಪತ್ರೆಯ ಮುಂದೆ ಇಳಿಯುವ ಹೆಂಗಸರನ್ನು ನೋಡಿದರೆ, ಮೊದಲು ಇವರೆಲ್ಲ ಹೇಗೆ ಬರುತ್ತಿದ್ದರು ಅನ್ನಿಸುತ್ತದೆ. ಆದರೆ ಒಂದು ಮಾತು ಬಿಡಿಸಿ ನೋಡಬೇಕು. ಇದು ಪ್ರಯಾಣಕ್ಕೆ ಕೊಡುವ ದುಡ್ಡು. ಹೊಸ ಬಸ್ಸಿಗೆ, ಹೊಸ ಟ್ರಿಪ್ಪಿಗೆ ಕೊಡುವ ದುಡ್ಡು ಬೇರೆ. ಬಸ್ಸೇ ಬಾರದ ಬಡಾವಣೆಯ ಹೆಂಗಸಿಗೆ ಶೂನ್ಯ ಟಿಕೆಟ್ಟಿನಿಂದ ಏನೂ ಸಿಗುವುದಿಲ್ಲ. ಅವಳು ಟಂಟಂಗೆ, ಅಂದರೆ ಶೇರ್ ಆಟೊಗೆ, ದಿನಾ ದುಡ್ಡು ಕೊಟ್ಟೇ ಬರುತ್ತಾಳೆ. ಮತ್ತೆ ಸರ್ಕಾರದ ದುಡ್ಡು ತಡವಾಗಿ ಬಂದರೆ, ಡೀಸೆಲ್ ಬಿಲ್ಲು ಕಾಯುವುದಿಲ್ಲ.

ಡೀಸೆಲ್ ಅಂದಾಗ ಒಂದು ತಮಾಷೆ ನೆನಪಾಯಿತು. ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಏರಿತು, 2025ರ ಏಪ್ರಿಲ್ 1ರಿಂದ ಮತ್ತೆ ಏರಿ ಶೇಕಡಾ 21.17 ಆಯಿತು. ಬಸ್ಸಿನ ಟ್ಯಾಂಕಿನಿಂದ ಒಂದು ಕೈಯಲ್ಲಿ ತೆಗೆದುಕೊಂಡು, ಸಹಾಯಧನ ಅಂತ ಇನ್ನೊಂದು ಕೈಯಲ್ಲಿ ಕೊಡುವುದು. ನಡುವೆ ಫೈಲು ಓಡಾಡುತ್ತದೆ.

ಬೇರೆ ಕಡೆ ಏನು ಮಾಡುತ್ತಾರೆ? ಫ್ರಾನ್ಸಿನವರು 1971ರಲ್ಲಿ ಪ್ಯಾರಿಸ್ ಭಾಗಕ್ಕೆ ಒಂದು ತೆರಿಗೆ ತಂದರು. ಕೆಲಸಕ್ಕೆ ಜನ ಇಟ್ಟುಕೊಂಡವರು ಸಂಬಳದ ಮೊತ್ತದ ಮೇಲೆ ಸಾರಿಗೆಗೆ ಇಷ್ಟು ಅಂತ ಕೊಡಬೇಕು. ಈಗ 11 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರು ಇದ್ದವರಿಗೆ ಅನ್ವಯ. ತರ್ಕ ಸರಳ: ಬಸ್ಸಿನಿಂದ ಕೆಲಸಗಾರ ಹೊತ್ತಿಗೆ ಬಂದರೆ ಲಾಭ ಯಜಮಾನನಿಗೂ ಇದೆ. ಲಂಡನ್ 2003ರಲ್ಲಿ ಊರ ನಡುವೆ ಕಾರು ತರುವವರಿಂದ ಶುಲ್ಕ ಎತ್ತಿ ಸಾರಿಗೆಗೆ ಹಾಕಿತು. ಹಾಂಗ್‌ಕಾಂಗಿನ ಮೆಟ್ರೊ ಕಂಪನಿ ಸ್ಟೇಷನ್ನಿನ ಮೇಲೆ, ಸುತ್ತ ಕಟ್ಟಡ ಕಟ್ಟಿ ಗಳಿಸುತ್ತದೆ.

ಕಲಬುರಗಿಗೆ ಪ್ಯಾರಿಸ್ಸಿನ ಅಂಗಿ ಹಾಗೇ ಹೊಂದುವುದಿಲ್ಲ. ಕಣ್ಣಿ ಮಾರ್ಕೆಟ್ಟಿನ ಅಂಗಡಿಯವನಿಗೆ ಸಂಬಳದ ಪಟ್ಟಿಯೇ ಇರುವುದಿಲ್ಲ, ತೆರಿಗೆ ಯಾವುದರ ಮೇಲೆ ಹಾಕುತ್ತೀರಿ? ದೊಡ್ಡ ಆಸ್ಪತ್ರೆಗಳು, ಕಾಲೇಜುಗಳು ತಮ್ಮ ನೌಕರರಿಗೆ, ಹುಡುಗರಿಗೆ ಪಾಸುಗಳನ್ನು ಒಟ್ಟಿಗೆ ಕೊಳ್ಳುವ ವ್ಯವಸ್ಥೆ ನಮಗೆ ಹತ್ತಿರದ್ದು. ಇನ್ನೂ ಹತ್ತಿರದ್ದು ಪಾರ್ಕಿಂಗ್. 12ನೇ ಅನುಸೂಚಿಯಲ್ಲಿ ಬಸ್ ಸ್ಟಾಪಿನ ಪಕ್ಕದಲ್ಲೇ ಪಾರ್ಕಿಂಗ್ ಇದೆಯಲ್ಲ, ಅದು ಊರಿನ ಕೈಯಲ್ಲೇ ಇರುವ ಕೆಲಸ. ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಒಂದು ಕಾರು ನಿಲ್ಲುವಷ್ಟು ಜಾಗ ಬಾಡಿಗೆಗೆ ಹಿಡಿಯಲು ಹೋಗಿ ನೋಡಿ, ಬೆಲೆ ಗೊತ್ತಾಗುತ್ತದೆ. ಅದೇ ಜಾಗದಲ್ಲಿ ದಿನವೆಲ್ಲ ಬಿಟ್ಟಿ ಕಾರು ನಿಲ್ಲಿಸುತ್ತೇವೆ. ಅದಕ್ಕೆ ಶುಲ್ಕ ಎತ್ತಿ ಬಸ್ಸಿಗೆ ಹಾಕುವುದು ಮನೆ ತೆರಿಗೆಯ ಉಪಕರಕ್ಕಿಂತ ನ್ಯಾಯ ಅಂತ ನನಗನ್ನಿಸುತ್ತದೆ.

ಉಪಕರದಿಂದ ಎಷ್ಟು ಆಗುತ್ತದೆ ಅಂತಲೂ ನೋಡೋಣ. ತೆರಿಗೆ 3,000 ಇದ್ದ ಮನೆಗೆ 2 ಪರ್ಸೆಂಟ್ ಅಂದರೆ ವರ್ಷಕ್ಕೆ 60 ರೂಪಾಯಿ. ಅಂಥ ಒಂದು ಲಕ್ಷ ಮನೆ ಅಂತ ಹಿಡಿದರೆ 60 ಲಕ್ಷ. ಒಂದು ಸಿಟಿ ಬಸ್ಸು ಕಿಲೋಮೀಟರಿಗೆ 20 ರೂಪಾಯಿ ಕಡಿಮೆ ಗಳಿಸಿ, ದಿನಕ್ಕೆ 160 ಕಿಲೋಮೀಟರ್ ಓಡಿದರೆ, ವರ್ಷದ ಗುಂಡಿ 11 ಲಕ್ಷ 68 ಸಾವಿರ. ಅಂದರೆ ಒಂದು ಲಕ್ಷ ಮನೆಯವರ ಉಪಕರದಿಂದ ತುಂಬುವುದು ಐದು ಬಸ್ಸಿನ ಗುಂಡಿ. ಕಾಕಾನಿಗೆ ಇದನ್ನು ಹೇಳಿದೆ. "ಐದss?" ಅಂದರು.

ಓಡಿಸುವವರು, ಹೇಳುವವರು

ದುಡ್ಡಿನಷ್ಟೇ ದೊಡ್ಡ ಪ್ರಶ್ನೆ ಆಡಳಿತದ್ದು. ಖಾಸಗಿಯವರಿಗೆ ಕೊಡಿ, ಎಲ್ಲ ಸರಿಹೋಗುತ್ತದೆ ಅನ್ನುವವರು ಬಹಳ. ಖಾಸಗಿ ಅಂದರೆ ಏನು ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಅದರಲ್ಲಿ ಎರಡು ಬಗೆ ಇವೆ, ಎರಡಕ್ಕೂ ಅಜಗಜಾಂತರ.

ಮೊದಲನೆಯದು ನಮಗೆ ಚೆನ್ನಾಗಿ ಗೊತ್ತು: ಟಂಟಂ. "ಗಂಜ್, ಗಂಜ್, ಬರ್ರಿ ಬರ್ರಿ" ಅಂತ ಕೂಗುವ ಡ್ರೈವರಿಗೆ ಯಾರ ಸಹಾಯಧನವೂ ಇಲ್ಲ. ಸೀಟು ತುಂಬಿದರೆ ಗಳಿಕೆ, ಇಲ್ಲದಿದ್ದರೆ ಡೀಸೆಲ್ಲೂ ಮೈಮೇಲೆ. ಅದಕ್ಕೇ ತುಂಬುವವರೆಗೆ ಹೊರಡುವುದಿಲ್ಲ, ಹೊರಟಮೇಲೆ ಮುಂದಿನವನನ್ನು ಹಿಂದೆ ಹಾಕಲು ಓಡಿಸುತ್ತಾನೆ, ರಾತ್ರಿ ಹತ್ತಕ್ಕೆ ಸ್ಟ್ಯಾಂಡಿನಲ್ಲಿ ಸಿಗುವುದಿಲ್ಲ. ದಿಲ್ಲಿಯಲ್ಲಿ ಬ್ಲೂಲೈನ್ ಬಸ್ಸುಗಳು ಹೀಗೇ ಪ್ರಯಾಣಿಕರಿಗಾಗಿ ರಸ್ತೆಯಲ್ಲೇ ರೇಸು ಹೂಡಿ, ಅಪಘಾತಗಳಿಂದ ಹೆಸರು ಕೆಡಿಸಿಕೊಂಡು, ಕೊನೆಗೆ ನಿಂತುಹೋದವು. ಬ್ರಿಟನ್ 1986ರಲ್ಲಿ ಲಂಡನ್ ಬಿಟ್ಟು ಉಳಿದ ಕಡೆ ಯಾರು ಬೇಕಾದರೂ ಬಸ್ಸು ಓಡಿಸಿ ಅಂತ ಬಾಗಿಲು ತೆರೆಯಿತು. ಲಾಭದ ರೂಟಿನಲ್ಲಿ ನೂಕುನುಗ್ಗಲು, ಉಳಿದ ಕಡೆ ಖಾಲಿ ರಸ್ತೆ. ಮ್ಯಾಂಚೆಸ್ಟರ್ ಭಾಗದವರು ಸಾಕಾಗಿ ಬಸ್ಸಿನ ಹಿಡಿತವನ್ನು ಊರಿನ ಕೈಗೆ ವಾಪಸ್ ತಂದುಕೊಂಡರು. ಆ ಕೆಲಸ ಪೂರ್ತಿಯಾದದ್ದು 2025ರ ಜನವರಿ 5ಕ್ಕೆ. ನಮ್ಮಲ್ಲಿ ಟಿಕೆಟ್ ದರ ಏರಿದ ದಿನವೇ!

ಎರಡನೆಯ ಬಗೆ ಲಂಡನ್ನಿನದು. ಅಲ್ಲಿಯೂ ಬಸ್ಸು ಓಡಿಸುವವರು ಖಾಸಗಿ ಕಂಪನಿಗಳೇ. ಆದರೆ ಯಾವ ರೂಟು, ಎಷ್ಟು ನಿಮಿಷಕ್ಕೊಂದು, ಎಷ್ಟು ದರ ಅನ್ನುವುದನ್ನೆಲ್ಲ ಊರಿನ ಸಾರಿಗೆ ಸಂಸ್ಥೆ ನಿಶ್ಚಯಿಸುತ್ತದೆ. ಟಿಕೆಟ್ ದುಡ್ಡು ಸಂಸ್ಥೆಗೆ. ಕಂಪನಿಗೆ ಒಪ್ಪಿದ ಸೇವೆ ನಡೆಸಿದ್ದಕ್ಕೆ ಒಪ್ಪಿದ ದುಡ್ಡು. ಬಸ್ಸು ತಪ್ಪಿಸಿದರೆ ಕಡಿತ. ಮನೆ ಕಟ್ಟುವಾಗ ನಕಾಶೆ ನಮ್ಮದು, ಗುತ್ತಿಗೆದಾರ ಕಟ್ಟುತ್ತಾನೆ ಅಲ್ವಾ, ಹಾಗೆ.

ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆ ಇದೇ ದಾರಿಯದು. 3 ಲಕ್ಷದಿಂದ 40 ಲಕ್ಷದವರೆಗೆ ಜನಸಂಖ್ಯೆಯ ನಗರಗಳಿಗೆ ಒಟ್ಟು 10,000 ಎಲೆಕ್ಟ್ರಿಕ್ ಬಸ್ಸು. ಕಂಪನಿಗೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು. ಅದರಲ್ಲಿ 12 ಮೀಟರ್ ಬಸ್ಸಿಗೆ 24, 9 ಮೀಟರಿಗೆ 22, 7 ಮೀಟರಿಗೆ 20 ರೂಪಾಯಿ ಕೇಂದ್ರದ್ದು, 10 ವರ್ಷ. ಉಳಿದದ್ದು ರಾಜ್ಯ, ನಗರದ ತಲೆಗೆ. ಇಲ್ಲಿ ತುಂಬಿದ ಬಸ್ಸಿಗೂ ಖಾಲಿ ಬಸ್ಸಿಗೂ ಕಂಪನಿಗೆ ಒಂದೇ ದರ. ಹಾಗಾಗಿ ರೇಸು ಇರುವುದಿಲ್ಲ. ಆದರೆ ಸ್ಟಾಪಿನಲ್ಲಿ ಕೈ ಮಾಡಿದವರನ್ನು ಬಿಟ್ಟು ಹೋದರೂ ಕಂಪನಿಗೆ ನಷ್ಟವಿಲ್ಲ. ಜಿಪಿಎಸ್ ನೋಡುವವರು, ದಂಡ ಹಾಕುವವರು ಎಚ್ಚರ ಇರಲೇಬೇಕು. ಇನ್ನೊಂದು ಕಡೆ, ಸರ್ಕಾರಿ ಸಂಸ್ಥೆಗಳು ಹೊತ್ತಿಗೆ ದುಡ್ಡು ಕೊಡುತ್ತವಾ ಅನ್ನುವ ಅಂಜಿಕೆ ಕಂಪನಿಗಳಿಗೆ. ಅದಕ್ಕೇ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಬೇರೆಯೇ ಒಂದು ಭದ್ರತಾ ನಿಧಿ ಮಾಡಬೇಕಾಯಿತು. ಬಾಕಿ ಉಳಿಸಿದರೆ ನಿಧಿಯಿಂದ ಕಂಪನಿಗೆ ಕೊಟ್ಟು, ಆಮೇಲೆ ರಾಜ್ಯದಿಂದ ವಸೂಲು.

ಕಿಲೋಮೀಟರ್ ಲೆಕ್ಕದ ಗುತ್ತಿಗೆ ಖಾಸಗಿಯವರಿಗೇ ಆಗಬೇಕು ಅಂತೇನಿಲ್ಲ. ನನ್ನ ಮಾತು ಇಷ್ಟೇ: ಪಾಲಿಕೆ, ರಾಜ್ಯ ಸೇರಿ ನಮ್ಮ ನಿಗಮಕ್ಕೇ ಹೇಳಲಿ. ರಿಂಗ್ ರೋಡಿನ ಆಚೆಗೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಇಪ್ಪತ್ತು ನಿಮಿಷಕ್ಕೊಂದು ಬಸ್ಸು ಬೇಕು, ಗುಂಡಿ ಇಷ್ಟು, ಇಗೋ ಮುಂಗಡ, ಬಸ್ಸು ಬಾರದ ದಿನ ಕಡಿತ. ಆಗ ಡಿಪೊ ಮ್ಯಾನೇಜರಿನ ತಕ್ಕಡಿ ಬದಲಾಗುತ್ತದೆ. ಸಿಟಿ ಟ್ರಿಪ್ಪಿಗೂ ಬೀದರ್ ಟ್ರಿಪ್ಪಿಗೂ ಅವರ ಪುಸ್ತಕದಲ್ಲಿ ಒಂದೇ ಮರ್ಯಾದೆ. ಟಂಟಂನವರನ್ನು ಓಡಿಸಬೇಕಾಗಿಲ್ಲ, ದೊಡ್ಡ ಬಸ್ಸು ತಿರುಗಲಾಗದ ಓಣಿಗಳಿಂದ ಮೇನ್ ರೋಡಿನ ಸ್ಟಾಪಿಗೆ ಜನ ತಂದುಬಿಡುವ ಕೆಲಸ ಅವರಿಗಿಂತ ಚೆನ್ನಾಗಿ ಯಾರೂ ಮಾಡಲಾರರು.

ಪಾಲಿಕೆಯ ಬಜೆಟ್ಟಿಗೆ ಮುಂಚೆ ಜನರ ಸಲಹೆ ಕೇಳುವ ಸಭೆ ಇರುತ್ತದೆ. ಅಲ್ಲಿ ಚರಂಡಿ, ನಲ್ಲಿ, ದೀಪದ ಮಾತೇ ಜಾಸ್ತಿ. "ಈ ಎರಡು ಪರ್ಸೆಂಟ್ ಎಷ್ಟು ಕೂಡಿತು, ಅದರಿಂದ ಎಷ್ಟು ಟ್ರಿಪ್ ಓಡಿದವು ಅಂತ ಅಲ್ಲಿ ಕೇಳ್ರಿ ಕಾಕಾ" ಅಂದೆ.

"ಅದು ಬಸ್ಸಿನವ್ರಿಗಿ ಕೇಳ್ರಿ ಅಂದ್ರ?"

"ಪಾರ್ಕಿಂಗ್ ರೊಕ್ಕದ್ದು ಕೇಳ್ರಿ. ಅದಕ್ಕ ಹಂಗ ಅನ್ನಾಕ ಬರಲ್ಲ."

ಕಾಕಾ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಚಷ್ಮಾ ಡಬ್ಬಿಯೊಳಗೆ ಇಟ್ಟರು. ಅಷ್ಟರಲ್ಲಿ ಟಂಟಂ ಬಂತು. ಇನ್ನೂ ಇಬ್ಬರಿಗೆ ಜಾಗ ಇತ್ತು, ಅದು ಹೊರಡಲಿಲ್ಲ.